ಶಟರಿನ ಅಡಿಗೆ ಇಟ್ಟ ಬಾಬಿನ್

ಸೌದಿಯ ಬುರೈದಾದ ದರ್ಜಿಗಳ ಬೀದಿಯಲ್ಲಿ ನಮಾಜಿನ ವಿಷಯಕ್ಕೆ ನನ್ನಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬನಿಲ್ಲ ಎಂಬ ಹೆಸರು ನನಗೆ ಆರೇಳು ವರ್ಷ ಇತ್ತು. ಬಾಂಗ್ ಕೊಡುವವರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುವ ಸದ್ದಿಗೇ ನಾನು ಹೊಲಿಗೆ ಮೆಷಿನ್ನಿನಿಂದ ಎದ್ದಿರುತ್ತಿದ್ದೆ. ಸೂಜಿ ಬಟ್ಟೆಯಲ್ಲಿ ಇದ್ದಲ್ಲೇ ಇರುತ್ತಿತ್ತು. ಕಾಲಿಗೆ ಸಿಕ್ಕಿದ ಚಪ್ಪಲಿ ಹಾಕಿಕೊಂಡು ನಾನು ಹೊರಗೆ. ಮಸೀದಿಯ ಮೊದಲ ಸಾಲಿನಲ್ಲಿ ಬಲಗಡೆಯ ಕಂಬದ ಪಕ್ಕದ ಜಾಗ ನನ್ನದೇ ಎಂದಾಗಿಹೋಗಿತ್ತು. ರೂಮಿನಲ್ಲಿದ್ದ ನಮ್ಮ ಊರ ಕಡೆಯವರು ನನ್ನನ್ನು ಮುಸ್ಲಿಯಾರ್ ಎಂದು ಕರೆಯುತ್ತಿದ್ದರು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ಟರ್, ಪಾಕಿಸ್ತಾನದ ಮುದುಕರು, ಮೌಲಾನಾ ಎನ್ನುತ್ತಿದ್ದರು. ಯಾರಿಗಾದರೂ ಊರಲ್ಲಿ ತಾಯಿಗೆ ಹುಷಾರಿಲ್ಲದಿದ್ದರೆ, "ನೀವೊಂದು ದುವಾ ಮಾಡಿ ಮಾರಾಯ್ರೆ, ನಿಮ್ಮದು ಬೇಗ ತಲುಪ್ತದೆ" ಎಂದು ನನ್ನ ಹತ್ತಿರ ಬರುತ್ತಿದ್ದರು. ಕೊನೆಗೆ ನನ್ನ ಮದುವೆಯೂ ಅದೇ ಹೆಸರಿನ ಮೇಲೆ ಆಯಿತು. ಹೆಣ್ಣಿನ ತಂದೆ ಬುರೈದಾದಲ್ಲಿದ್ದ ತಮ್ಮ ಪರಿಚಯದವರಿಗೆ ಫೋನ್ ಮಾಡಿ ವಿಚಾರಿಸಿದ್ದರಂತೆ. "ಹುಡುಗ ಮೊದಲ ಸಾಲು ಬಿಟ್ಟವನಲ್ಲ" ಎಂಬ ಉತ್ತರ ಹೋಯಿತು. ಅವರು ಬೇರೆ ಏನನ್ನೂ ಕೇಳಲಿಲ್ಲ.

ಸತ್ಯ ಬೇರೆ ಇತ್ತು. ನಾನು ಓಡುತ್ತಿದ್ದದ್ದು ಶಟರಿಗೆ ಹೆದರಿ.

ಆ ವರ್ಷಗಳಲ್ಲಿ ಬಾಂಗ್ ಆದ ಕೂಡಲೇ ಅಂಗಡಿಗಳೆಲ್ಲ ಮುಚ್ಚಬೇಕಿತ್ತು. ಗಿರಾಕಿಗಳನ್ನು ಹೊರಗೆ ಕಳಿಸಿ, ದೀಪ ಆರಿಸಿ, ಶಟರ್ ಎಳೆಯುವುದು. ಅರ್ಧ ಗಂಟೆ ಬೀದಿಗೆ ಬೀದಿಯೇ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಕೆಲಸದವರಲ್ಲಿ ಕೆಲವರು ಮಸೀದಿಗೆ ಹೋಗುತ್ತಿದ್ದರು, ಕೆಲವರು ಒಳಗೇ ಚಾಪೆ ಹಾಸಿ ನಮಾಜು ಮುಗಿಸಿ ಚಹಾ ಕುಡಿಯುತ್ತಿದ್ದರು. ಒಳಗೆ ಉಳಿದವರಿಗೆ ಅದು ಆರಾಮದ ಹೊತ್ತು. ನನಗೆ ಮಾತ್ರ ಆ ಶಟರ್ ಗಡಗಡನೆ ಇಳಿದು ನೆಲಕ್ಕೆ ತಾಗುವ ಸದ್ದು ಕೇಳಿದರೆ ಸಾಕು, ಮೂವತ್ತು ದಾಟಿದ ಗಂಡಸು ಎಂಟು ವರ್ಷದ ಹುಡುಗನಾಗಿಬಿಡುತ್ತಿದ್ದೆ.

ಎಂಟರಿಂದ ಹನ್ನೊಂದರವರೆಗೆ ನಾನು ಬೆಳೆದದ್ದು ಸೋದರಮಾವನ ದಿನಸಿ ಅಂಗಡಿಯಲ್ಲಿ. ನನ್ನ ತಂದೆ, ಉಪ್ಪ, ಮುಂಬೈಯ ಒಂದು ಹೋಟೆಲಿನಲ್ಲಿದ್ದರು, ಉಮ್ಮನ ಕೈಯಲ್ಲಿ ಇನ್ನೂ ಮೂರು ಮಕ್ಕಳು. ಶಾಲೆ ಬಿಟ್ಟ ಮೇಲೆ ನಾನು ಮಾಮನ ಅಂಗಡಿಯಲ್ಲಿ ಕೂರಬೇಕು ಎಂದು ದೊಡ್ಡವರು ತೀರ್ಮಾನಿಸಿದರು. ಕೂರುವುದೇ ನನಗೆ ಬಾರದ ವಿದ್ಯೆ. ಬೆಲ್ಲ ತಾ ಅಂದರೆ ಒಳಗೆ ಹೋಗಿ, ಗೋಣಿಯ ಮೇಲೆ ಹರಿಯುವ ಇರುವೆ ಸಾಲನ್ನು ನೋಡುತ್ತ ನಿಂತು, ಕೊನೆಗೆ ಉಪ್ಪು ತಂದು ಕೊಡುತ್ತಿದ್ದೆ. ಮಾಮ ಹೊಡೆಯುತ್ತಿರಲಿಲ್ಲ. ಹೊಡೆಯದೆ ತಿದ್ದುತ್ತೇನೆ ಎಂಬ ಹೆಮ್ಮೆ ಅವರಿಗಿತ್ತು. ಅಂಗಡಿಯ ಹಿಂದಿನ ಗೋದಾಮಿಗೆ ನನ್ನನ್ನು ತಳ್ಳಿ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಮಂಡೆ ಸರಿಯಾಗುವವರೆಗೆ ಅಲ್ಲೇ ಇರು" ಎಂದು ಶಟರ್ ಎಳೆಯುತ್ತಿದ್ದರು. ಒಳಗೆ ಒಣಮೆಣಸಿನ ಘಾಟು, ಗೋಣಿಯ ಧೂಳು, ಕತ್ತಲು. ಹೆಚ್ಚಾಗಿ ಹತ್ತು ನಿಮಿಷ, ಕೆಲವೊಮ್ಮೆ ಒಂದು ಗಂಟೆ.

ಒಂದು ಶುಕ್ರವಾರ ನನ್ನನ್ನು ಒಳಗೆ ಹಾಕಿದ್ದನ್ನೇ ಮರೆತು ಅವರು ಮನೆಗೆ ಊಟಕ್ಕೆ ಹೋದರು. ಊಟ ಮಾಡಿ, ಮಲಗಿ ಎದ್ದು, ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಬಂದು ಶಟರ್ ಎತ್ತಿದಾಗ ನಾನು ಅಳುತ್ತಿರಲಿಲ್ಲ. ಅಳು ಮುಗಿದು ಎಷ್ಟೋ ಹೊತ್ತಾಗಿತ್ತು. "ನೋಡಿ, ಹೇಗೆ ತಣ್ಣಗಾಗಿದ್ದಾನೆ" ಎಂದು ಪಕ್ಕದ ಅಂಗಡಿಯವರಿಗೆ ನನ್ನನ್ನು ತೋರಿಸಿದರು. ಮರೆವಿನ ತಪ್ಪಿಗೆ ಮಗುವನ್ನು ಕತ್ತಲಿಗೆ ಹಾಕಿ, ಅದನ್ನೇ ತಾವು ಮರೆತ ಮನುಷ್ಯ! ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಮಾಮ ತೀರಿಕೊಂಡ ಸುದ್ದಿ ಬುರೈದಾಕ್ಕೆ ಬಂದಾಗ ಅವರಿಗಾಗಿ ನಮಾಜು ಮಾಡಿದೆ. ಕಣ್ಣೀರು ಬರಲಿಲ್ಲ, ಬರಿಸಲು ಪ್ರಯತ್ನವನ್ನೂ ಮಾಡಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ "ಹೊಡೆದದ್ದಂತೂ ಇಲ್ಲವಲ್ಲ" ಎನ್ನುತ್ತಾರೆ ಎಂದು ಗೊತ್ತಿತ್ತು.

ದರ್ಜಿ ಕೆಲಸ ನನಗೆ ಹಿಡಿಸಿದ್ದಕ್ಕೆ ಕಾರಣ, ಅದರಲ್ಲಿ ಕೈಕಾಲು ಸುಮ್ಮನಿರಬೇಕಾಗಿಲ್ಲ. ಮೆಷಿನ್ನಿನ ಸದ್ದಿನಲ್ಲಿ ತಲೆಯೊಳಗಿನ ಗಲಾಟೆಯೂ ಕೇಳಿಸುವುದಿಲ್ಲ. ಸೌದಿ ಗಂಡಸರು ಹಾಕುವ ಉದ್ದನೆಯ ಬಿಳಿ ಅಂಗಿಗೆ ತೋಬು ಎನ್ನುತ್ತಾರೆ. ಅದರ ಜೀವ ಇರುವುದು ಕಾಲರಿನಲ್ಲಿ. ಕಾಲರ್ ಕೂರಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಇದು ಜಂಬ ಅಲ್ಲ, ಮಾಸ್ಟರೇ ಹೇಳಿದ್ದು. ಆದರೆ ಅಳತೆ ಪುಸ್ತಕದಲ್ಲಿ ನೋಡಿದ ಅಂಕಿ ನನ್ನ ಮೆಷಿನ್ನಿನವರೆಗಿನ ಆರು ಹೆಜ್ಜೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬರಿಗೆ ಎರಡು ತೋಳುಗಳನ್ನೂ ಎಡಗೈಯದ್ದೇ ಹೊಲಿದಿಟ್ಟಿದ್ದೆ. ಕಾಲರಿಗೆ ಕೂತರೆ ಊಟ ಮರೆತು ನಾಲ್ಕು ಗಂಟೆ, ಬೇರೆ ಯಾವುದಕ್ಕೆ ಕೂತರೂ ನಾಲ್ಕು ನಿಮಿಷ. ಊಟಕ್ಕೆ ಬದಲು ಚಹಾ, ನಿದ್ದೆಗೆ ಬದಲು ಚಹಾ. ರೂಮಿನ ಬಾಗಿಲನ್ನು ಮುಚ್ಚಲು ಬಿಡುತ್ತಿರಲಿಲ್ಲ, ಎಸಿಯ ತಂಪೆಲ್ಲ ಹೊರಗೆ ಹೋಗುತ್ತದೆ ಎಂದು ಉಳಿದವರೊಂದಿಗೆ ದಿನವೂ ಜಗಳ. ನಮ್ಮ ಗುರುತಿನ ಕಾರ್ಡು ಇಕಾಮಾವನ್ನು ಎರಡು ಸಲ ಕಳೆದುಕೊಂಡು ಊರೆಲ್ಲ ಹುಡುಕಿದ್ದೇನೆ. ಎರಡು ಸಲವೂ ಅದು ಫ್ರಿಜ್ಜಿನಲ್ಲಿ, ಮೊಸರಿನ ಡಬ್ಬದ ಮೇಲೆ ಸಿಕ್ಕಿತು. ಹೀಗಿದ್ದರೂ ಜನ ನನ್ನನ್ನು ಗೌರವದಿಂದ ನೋಡುತ್ತಿದ್ದರು. ಮೊದಲ ಸಾಲಿನ ಮನುಷ್ಯನಿಗೆ ಸ್ವಲ್ಪ ಮರೆವು ಇದ್ದರೆ ಅದೂ ಒಂದು ಶೋಭೆಯೇ. ನನಗೆ ಮಾತ್ರ ಕುಂಬಳಕಾಯಿ ಕಳ್ಳನ ಹಾಗೆ ದಿನವೂ ಹೆಗಲು ಮುಟ್ಟಿ ನೋಡಿಕೊಳ್ಳುವ ಕೆಲಸ.

ಎಲ್ಲ ಬಯಲಾದದ್ದು 2013ರ ರಂಜಾನಿನಲ್ಲಿ. ಪೆರ್ನಾಲಿಗೆ ಹೊಸ ತೋಬು ಹೊಲಿಸದ ಗಂಡಸು ಆ ಊರಿನಲ್ಲಿ ಇಲ್ಲ, ಹಾಗಾಗಿ ಹಬ್ಬದ ಹಿಂದಿನ ಹದಿನೈದು ದಿನ ದರ್ಜಿಗಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಪ್ರತಿವರ್ಷ ಉಪವಾಸ ಬಿಡುವ ಹೊತ್ತಿಗೆ ನಾನು ಮಸೀದಿಯ ಅಂಗಳಕ್ಕೆ ಓಡುತ್ತಿದ್ದೆ. ಆ ವರ್ಷ ಮಾಸ್ಟರ್, "ಯಾರೂ ಎಲ್ಲಿಗೂ ಹೋಗುವಂತಿಲ್ಲ. ಇಫ್ತಾರ್ ಇಲ್ಲೇ, ನಮಾಜು ಇಲ್ಲೇ, ಮತ್ತೆ ಕೆಲಸ" ಎಂದು ಉರ್ದುವಿನಲ್ಲಿ ಅಪ್ಪಣೆ ಕೊಟ್ಟರು. ಹೊರಗೆ ಧೂಳುಗಾಳಿ ಎದ್ದಿತ್ತು. ಬಿಳಿ ಬಟ್ಟೆಗೆ ಧೂಳು ಕೂರದಂತೆ ಶಟರನ್ನು ನೆಲಕ್ಕೆ ಒತ್ತಿ ಎಳೆದು, ಅಡಿಗೆ ಚಿಂದಿ ಬಟ್ಟೆಯನ್ನೂ ತುರುಕಿದರು. ನಾವು ಐದು ಜನ ಕತ್ತರಿಸುವ ಮೇಜಿನ ಸುತ್ತ ನಿಂತಿದ್ದೆವು. ಬಾಂಗ್ ಆಯಿತು. ಖರ್ಜೂರ ನನ್ನ ಬಾಯಿಗೆ ಹೋಯಿತು, ಗಂಟಲಿಗೆ ಇಳಿಯಲಿಲ್ಲ. ಒಣಮೆಣಸಿನ ಘಾಟು ಬಂತು. ಆ ಅಂಗಡಿಯಲ್ಲಿ ಒಂದೇ ಒಂದು ಮೆಣಸೂ ಇರಲಿಲ್ಲ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಶಟರಿನ ಅಡಿಗೆ ಎರಡೂ ಕೈ ತೂರಿಸಿ ಎತ್ತಲು ಹೋಗಿದ್ದೆ. ಬೀಗದ ಕೊಂಡಿ ಸಿಕ್ಕಿಕೊಂಡಿತ್ತು. ನಾನು ಒದ್ದೆ, ಕೂಗಿದೆ, ಯಾರೋ ಹಿಡಿಯಲು ಬಂದರೆ ಅವರನ್ನು ತಳ್ಳಿದೆ. ಮೇಜು ಅಲುಗಾಡಿತು. ಕೆಂಪು ಶರಬತ್ತಿನ ಜಗ್ಗು ಮಗುಚಿ, ಒಬ್ಬ ತಂದೆ ಮತ್ತು ಅವನ ನಾಲ್ಕು ಗಂಡುಮಕ್ಕಳಿಗೆಂದು ಕತ್ತರಿಸಿಟ್ಟಿದ್ದ ಬಿಳಿ ಬಟ್ಟೆಯ ಮೇಲೆಲ್ಲ ಹರಿಯಿತು. ಕೊಂಡಿಯನ್ನು ಯಾರು ಬಿಡಿಸಿದರೋ ಗೊತ್ತಿಲ್ಲ, ಹೊರಗೆ ಬಂದಾಗ ನನ್ನ ಬೆರಳು ಕೊಯ್ದು ರಕ್ತ ಸುರಿಯುತ್ತಿತ್ತು, ಬಾಯಿಯಲ್ಲಿ ಖರ್ಜೂರ ಇನ್ನೂ ಹಾಗೇ ಇತ್ತು.

ಮಾಸ್ಟರ್ ಹಿಂದೆಯೇ ಬಂದು ಫುಟ್‌ಪಾತಿನ ಮೇಲೆ ನನ್ನ ಪಕ್ಕ ಕೂತರು. ಧೂಳಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದು ಬಟ್ಟೆಯ ಪಟ್ಟಿಯನ್ನು ನನ್ನ ಬೆರಳಿಗೆ ಸುತ್ತಿದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ.

"ಮೌಲಾನಾ," ಎಂದರು, "ಅಲ್ಲಾಹನ ಹತ್ತಿರ ಹೋಗುವವನು ಚಪ್ಪಲಿ ನೋಡಿ ಹಾಕಿಕೊಳ್ಳುತ್ತಾನೆ. ಈ ವರ್ಷ ನೀನು ನನ್ನ ಚಪ್ಪಲಿ ಮೂರು ಸಲ ಹಾಕಿಕೊಂಡು ಓಡಿದ್ದೀ. ಏನಿದೆ ನಿನಗೆ ಈ ಶಟರಿನಲ್ಲಿ?"

ಅವರಿಗೆ ಮೊದಲೇ ಗೊತ್ತಿತ್ತು! ನಾನು ಗೋದಾಮಿನ ವಿಷಯ ನಾಲ್ಕು ವಾಕ್ಯದಲ್ಲಿ ಹೇಳಿದೆ. ಐದನೆಯದು ಆ ಶುಕ್ರವಾರದ್ದು, ಅದನ್ನು ಹೇಳದೆ ಬೆರಳಿನ ಪಟ್ಟಿ ಬಿಗಿಮಾಡಿಕೊಂಡೆ. ಅವರು, "ಬಟ್ಟೆ ನಾನು ನೋಡಿಕೊಳ್ಳುತ್ತೇನೆ. ನೀನು ನಾಳೆ ಡಾಕ್ಟರ ಹತ್ತಿರ ಹೋಗು" ಎಂದು ಎದ್ದರು. ಶರಬತ್ತು ತಮ್ಮ ಕೈಯಿಂದಲೇ ಚೆಲ್ಲಿತು ಎಂದು ಅವರು ಮಾಲಕನಿಗೆ ಹೇಳಿದ್ದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು.

ನಾನು ಎದೆಯ ಕಾಯಿಲೆ ಎಂದೇ ತಿಳಿದು ಕ್ಲಿನಿಕ್ಕಿಗೆ ಹೋದೆ. ಅಲ್ಲಿದ್ದವರು ಮೈಸೂರು ಕಡೆಯ ಡಾಕ್ಟರಮ್ಮ. ನನ್ನ ಹಿಂದಿ ಕೇಳಿ ನಕ್ಕು, "ಕೂತ್ಕೊಳ್ಳಿ, ಕನ್ನಡ ಬರುತ್ತಲ್ವಾ?" ಎಂದರು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಕನ್ನಡ ನನಗೆ ಶಾಲೆಯ ಭಾಷೆ, ಮನೆಯಲ್ಲಿ ಆಡುವುದು ಬ್ಯಾರಿ. ಆದರೂ ಆವತ್ತು ಅದು ಮನೆಯದ್ದೇ ಅನ್ನಿಸಿತು. ಇಸಿಜಿ ಮಾಡಿ, ಕಾಗದವನ್ನು ಎರಡು ಸಲ ನೋಡಿ, ಎದೆಗೆ ಏನೂ ಆಗಿಲ್ಲ ಎಂದರು.

"ಹಾಗಾದ್ರೆ ಇದು ಎಂತ ಸಾವು ಡಾಕ್ಟ್ರೇ?" ಎಂದೆ. ಏನು ಪೀಡೆ ಎನ್ನುವುದಕ್ಕೆ ನಮ್ಮಲ್ಲಿ ಹಾಗೆ ಹೇಳುವುದು ಮಾಮೂಲು.

ಅವರು ಬೆಚ್ಚಿಬಿದ್ದರು. "ಸಾವು ಗೀವು ಎಲ್ಲಾ ಯಾಕ್ರೀ? ನಿಮ್ಮ ಎದೆ ಹಳೇದೇನನ್ನೋ ಜ್ಞಾಪಿಸ್ಕೊಳ್ತಾ ಇದೆ ಅಷ್ಟೆ. ಏನು ಅಂತ ಹೇಳಿ."

ಹೇಳಿದೆ, ಈ ಸಲ ಐದನೆಯ ವಾಕ್ಯವನ್ನೂ. ಅವರು ತಾವು ಮನಸ್ಸಿನ ಡಾಕ್ಟರಲ್ಲ, ರಜೆಯಲ್ಲಿ ಹೋದಾಗ ಮಂಗಳೂರಿನಲ್ಲಿ ಒಬ್ಬ ಮನೋವೈದ್ಯರನ್ನು ನೋಡಲೇಬೇಕು ಎಂದು ಖಡಾಖಂಡಿತ ಹೇಳಿದರು. ಅಲ್ಲಿಯವರೆಗೆ ಎರಡು ಕೆಲಸ ಕೊಟ್ಟರು. ಒಂದು, ಹೊತ್ತಿಗೆ ಸರಿಯಾಗಿ ಊಟ, ನೀರು. ಇನ್ನೊಂದು, ಆ ಶಟರಿನಿಂದ ಓಡುವ ಬದಲು ದಿನಾ ಸ್ವಲ್ಪ ಸ್ವಲ್ಪವೇ ಅದರ ಜೊತೆ ಇರುವುದು. "ಆದ್ರೆ ಎಳೆಯೋರು ನೀವೇ ಆಗಿರ್ಬೇಕು. ಎಲ್ಲಿ ನಿಲ್ಲಿಸ್ಬೇಕು ಅನ್ನೋದೂ ನಿಮ್ಮ ಕೈಲೇ ಇರ್ಬೇಕು. ಇನ್ಯಾರೂ ಮುಟ್ಟಬಾರ್ದು."

ನಾನು ಇದನ್ನು ಮಾಸ್ಟರಿಗೆ ಒಪ್ಪಿಸಿದೆ. ಅವರು ಅದನ್ನು ದರ್ಜಿ ಕೆಲಸಕ್ಕೆ ಇಳಿಸಿದರು. ಪೆರ್ನಾಲ್ ಕಳೆದ ಮೊದಲ ದಿನ ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆದಾಗ ಶಟರಿನ ಅಡಿಗೆ ನಾವು ಕೂರುವ ಸ್ಟೂಲನ್ನು ಇಟ್ಟು, "ಎಳೆ, ಇದಕ್ಕೆ ತಾಗುವವರೆಗೆ" ಎಂದರು. ಎಳೆದೆ. ಸ್ಟೂಲಿನ ಎತ್ತರಕ್ಕೆ ಬೆಳಕು, ಹೊರಗೆ ಹೋಗುವವರ ಕಾಲು, ಒಂದು ಬೆಕ್ಕು. ಮಾಸ್ಟರ್ ಮತ್ತು ನಾನು ಒಳಗೆ ನಮಾಜು ಮಾಡಿದೆವು. ಎದೆ ಹೊಡೆದುಕೊಂಡಿತು, ಆದರೆ ನಾನು ಹೊರಗೆ ಓಡಲಿಲ್ಲ. ಒಂದು ತಿಂಗಳಾದ ಮೇಲೆ ಸ್ಟೂಲಿನ ಜಾಗಕ್ಕೆ ಇಸ್ತ್ರಿಪೆಟ್ಟಿಗೆ ಬಂತು. ಆಮೇಲೆ ದೊಡ್ಡ ದಾರದ ಉಂಡೆ. ದಾರದ ಉಂಡೆಯಲ್ಲೇ ಏಳು ತಿಂಗಳು ನಿಂತುಬಿಟ್ಟೆ. ಮಾಸ್ಟರ್ ಒಮ್ಮೆಯೂ ಅವಸರ ಮಾಡಲಿಲ್ಲ. ಗಿರಾಕಿಗಳಿಗೆ ಒಂದು ದಿನ ತಡವಾದರೆ ಇಡೀ ಅಂಗಡಿಯನ್ನು ತಲೆಯ ಮೇಲೆ ಹೊತ್ತುಕೊಳ್ಳುವ ಮನುಷ್ಯ ನನಗೆ ಮಾತ್ರ, "ಬಟ್ಟೆ ನೆನೆಯಲಿ, ಕುಗ್ಗುವಷ್ಟು ಕುಗ್ಗಲಿ, ಆಮೇಲೆ ಕತ್ತರಿಸೋಣ" ಎನ್ನುತ್ತಿದ್ದರು.

ಊಟ ನೀರಿನ ವಿಷಯದಲ್ಲಿ ಮೊದಲು ನಾನು ದೊಡ್ಡ ಪೆದ್ದುತನ ಮಾಡಿದೆ. ಗಡಿಯಾರ ನೋಡಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಆರು ಗಂಟೆಗೆ ನೀರು, ಆರೂ ಹತ್ತಕ್ಕೆ ಖರ್ಜೂರ. ಬುರೈದಾದಲ್ಲಿ ಮಗ್ರಿಬ್ ಚಳಿಗಾಲದಲ್ಲಿ ಐದು ಚಿಲ್ಲರೆಗೆ, ಬೇಸಗೆಯಲ್ಲಿ ಏಳು ದಾಟಿದ ಮೇಲೆ. ದಿನಕ್ಕೆ ಅರ್ಧ ನಿಮಿಷ, ಒಂದು ನಿಮಿಷ ಜರುಗುತ್ತ ಹೋಗುತ್ತದೆ. ನನ್ನ ಆರು ಗಂಟೆ ಕೆಲವು ದಿನ ಶಟರಿನ ಒಳಗೆ, ಕೆಲವು ದಿನ ಗಿರಾಕಿಯ ಕುತ್ತಿಗೆಗೆ ಟೇಪು ಹಿಡಿದಿರುವಾಗ. ಒಂದು ತಪ್ಪಿದರೆ ಎಲ್ಲವೂ ತಪ್ಪಿತು ಎಂದು ಇಡೀ ದಿನವನ್ನೇ ಕೈಬಿಡುತ್ತಿದ್ದೆ. ಮಾಸ್ಟರ್ ಒಂದು ದಿನ ಆ ಕಾಗದವನ್ನು ಕಿತ್ತು ಕಾಲರಿನ ನಮೂನೆ ಕತ್ತರಿಸಿದರು. "ಗಡಿಯಾರವನ್ನು ನೀನು ಮರೆಯುತ್ತೀ. ಬಾಂಗನ್ನು ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಮರೆತಿದ್ದೀಯಾ? ಅದಕ್ಕೇ ಕಟ್ಟು" ಎಂದರು.

ಹೆದರಿಕೆಯೇ ನನಗೆ ಕಲಿಸಿಕೊಟ್ಟಿದ್ದ ಒಂದು ಅಭ್ಯಾಸವಿತ್ತಲ್ಲ, ಅದರ ಬೆನ್ನಿಗೇ ಉಳಿದದ್ದನ್ನೆಲ್ಲ ಹೊಲಿದೆ. ಮಧ್ಯಾಹ್ನದ ಲುಹರ್ ಬಾಂಗಿಗೆ ಅಂಗಡಿ ಮುಚ್ಚಿದರೆ ನೇರ ರೂಮಿಗೆ ಹೋಗಿ ಕೂತು ಅನ್ನ ಉಣ್ಣುವುದು, ನಿಂತುಕೊಂಡು ಅಲ್ಲ. ಅಸರ್ ಆದ ಮೇಲೆ ಅಂಗಡಿ ತೆರೆಯುವ ಮೊದಲು ಬೀದಿಗೆ ಎರಡು ಸುತ್ತು. ಮಗ್ರಿಬಿಗೆ ಮೂರು ಖರ್ಜೂರ, ಎರಡು ಲೋಟ ನೀರು, ಶಟರಿನ ಪಾಠ, ಮನೆಗೆ ಫೋನ್. ರಾತ್ರಿಯ ಇಶಾ ಆದರೆ ಆಮೇಲೆ ಚಹಾ ಇಲ್ಲ. ಇಕಾಮಾ, ಬೀಗದ ಕೈ, ಕನ್ನಡಕ ಮೂರೂ ಒಂದೇ ಬಿಸ್ಕತ್ತಿನ ಡಬ್ಬಕ್ಕೆ. ಅಳತೆಯ ಅಂಕಿಯನ್ನು ಪುಸ್ತಕ ನೋಡಿದಲ್ಲೇ ಸೀಮೆಸುಣ್ಣದಿಂದ ಎಡಗೈಯ ಮೇಲೆ ಬರೆದುಕೊಳ್ಳುವುದನ್ನೂ ಶುರುಮಾಡಿದೆ. ನೋಡಿದವರು ನಕ್ಕರು. ನಗಲಿ, ಎರಡು ಎಡತೋಳಿನ ತೋಬು ಮತ್ತೆ ಹುಟ್ಟಲಿಲ್ಲ. ಇವೆಲ್ಲ ಕೇಳಲು ಮಗುವಿಗೆ ಹೇಳಿಕೊಡುವ ಸ್ವಚ್ಛತೆಯ ಪಾಠದ ಹಾಗಿವೆ. ನನಗೆ ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯಿತು, ಮತ್ತು ಒಂದೊಂದು ನಿಂತಾಗಲೂ ನಾನು ಮನಸಾರೆ ಖುಷಿಪಟ್ಟೆ.

ಮುಂದಿನ ರಜೆಯಲ್ಲಿ ನನಗೆ ಹಲ್ಲುನೋವು ಎಂದು ಹೆಂಡತಿಗೆ ಸುಳ್ಳು ಹೇಳಿ ಮಂಗಳೂರಿನ ಮನೋವೈದ್ಯರನ್ನು ಕಂಡೆ. ಎರಡು ದಿನ ಪ್ರಶ್ನೆ ಕೇಳಿದ ಮೇಲೆ ಅವರು ಎರಡು ಸಂಗತಿ ಬಿಡಿಸಿ ಹೇಳಿದರು. ಕೂರಲಾಗದ, ಗಮನ ನಿಲ್ಲದ ನನ್ನ ಬಗೆಯ ಮೆದುಳಿಗೆ ಎಡಿಎಚ್‌ಡಿ ಎಂಬ ಹೆಸರಿದೆ. ಅದು ಹುಟ್ಟಿನಿಂದ ಬರುವುದು, ಮಕ್ಕಳಿಗೂ ಬರಬಹುದು. ಶಟರಿನ ಹೆದರಿಕೆ ಮಾತ್ರ ಹುಟ್ಟಿನದ್ದಲ್ಲ, ಅದನ್ನು ಒಬ್ಬರು ಮಾಡಿದ್ದು. "ಅಂದ್ರೆ ನನ್ನ ಮಂಡೆ ಹಾಳಾದದ್ದಲ್ಲವಾ?" ಎಂದು ಕೇಳಿದೆ. ಅವರು ಅಲ್ಲ ಎಂದರು. ಕೊಟ್ಟ ಮಾತ್ರೆಗಳ ಚೀಟಿಯನ್ನು ಬುರೈದಾದ ಡಾಕ್ಟರಮ್ಮನಿಗೆ ತೋರಿಸಿ, ಅಲ್ಲಿ ಸಿಗುವಂಥದ್ದನ್ನು ತೆಗೆದುಕೊಂಡೆ. ಮಾತ್ರೆ ಅರ್ಧ ಕೆಲಸ ಮಾಡಿತು, ಬಾಂಗ್ ಇನ್ನರ್ಧ.

ಎರಡು ವರ್ಷ ಕಳೆಯಿತು. ಶಟರಿನ ಅಡಿಗೆ ಈಗ ಒಂದು ಬಾಬಿನ್ ಮಾತ್ರ ಇತ್ತು, ಮೆಷಿನ್ನಿನ ಒಳಗೆ ಕೂರುವ ಚಿಕ್ಕ ಲೋಹದ ಗಾಲಿ. ಒಂದು ಬೆರಳಿನಷ್ಟು ಬೆಳಕು ಬಂದರೆ ಸಾಕಾಗುತ್ತಿತ್ತು. ಕೆಲವು ದಿನ ಮಸೀದಿಗೂ ಹೋಗುತ್ತಿದ್ದೆ, ಆದರೆ ನಡೆದುಕೊಂಡು. "ಇವತ್ತು ಮೌಲಾನಾ ಸ್ವಂತ ಚಪ್ಪಲಿ ಹಾಕಿದ್ದಾರೆ" ಎಂದು ಮಾಸ್ಟರ್ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ನಾಲ್ಕನೆಯ ಸಾಲಿನಲ್ಲಿ ನನ್ನನ್ನು ಕಂಡ ರೂಮಿನವರು, "ಎಂತ ಮಾರಾಯ, ಮುಸ್ಲಿಯಾರ್ ಕೆಟ್ಟುಹೋದ್ರಾ?" ಎಂದು ತಮಾಷೆ ಮಾಡಿದರು. ನನ್ನ ನಮಾಜು ನನಗೆ ಕೇಳಿಸತೊಡಗಿದ್ದು ಆ ನಾಲ್ಕನೆಯ ಸಾಲಿನಲ್ಲೇ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಊರಿನಲ್ಲಿ ಹೆಂಡತಿಯ ಜೊತೆಗಿದ್ದ ನಮ್ಮ ಮಗಳಿಗೆ ಆರು ತುಂಬಿತ್ತು. ಶಾಲೆಯಿಂದ ದೂರು ಬರಲು ಶುರುವಾಗಿತ್ತು. ಪೆನ್ಸಿಲ್ ಕಳೆಯುತ್ತಾಳೆ, ಪಾಠದ ನಡುವೆ ಎದ್ದು ಕಿಟಕಿಗೆ ಹೋಗುತ್ತಾಳೆ, ಒಂದು ಹೇಳಿದರೆ ಇನ್ನೊಂದು ತರುತ್ತಾಳೆ. ಫೋನಿನಲ್ಲಿ ಇದನ್ನೆಲ್ಲ ಕೇಳಿ ನಾನು ನಗುತ್ತಿದ್ದೆ. ಒಳಗೊಳಗೇ ಹೆದರಿಕೆಯೂ ಆಗುತ್ತಿತ್ತು. ಮಂಗಳೂರಿನ ಡಾಕ್ಟರು ಹೇಳಿದ್ದನ್ನು ಹೆಂಡತಿಗೆ ಹೇಳಬೇಕಿತ್ತು. ಅದನ್ನು ಹೇಳಿದರೆ ನನ್ನದನ್ನೂ ಹೇಳಬೇಕು, ನನ್ನದನ್ನು ಹೇಳಿದರೆ ಮೊದಲ ಸಾಲಿನ ಕತೆಯನ್ನೂ. ಅವಳು ಒಪ್ಪಿದ್ದು ಆ ಮನುಷ್ಯನನ್ನು. ನಾಳೆ ಹೇಳುತ್ತೇನೆ ಎಂದು ದೂಡುತ್ತ ಬಂದೆ.

ಒಂದು ಮಗ್ರಿಬಿನಲ್ಲಿ, ಬಾಬಿನ್ ಇಟ್ಟು ಶಟರ್ ಎಳೆದು, ಬೆಳಕಿನ ಗೀಟಿನ ಹತ್ತಿರ ಕೂತು ಫೋನ್ ಮಾಡಿದೆ. ಹೆಂಡತಿಯ ದನಿಯಲ್ಲಿ ಗೆಲುವಿತ್ತು. ನಾವು ಆಡಿದ್ದು ಬ್ಯಾರಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇವಳಿಗೆ ಮದ್ದು ಸಿಕ್ಕಿತು," ಎಂದಳು. "ಇವತ್ತು ಸ್ಟೋರ್ ರೂಮಿಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದೆ. ಹತ್ತೇ ನಿಮಿಷ. ಹೊಡೆಯಲಿಲ್ಲ, ಬೈಯಲೂ ಇಲ್ಲ. ತೆಗೆದಾಗ ಎಷ್ಟು ತಣ್ಣಗಾಗಿದ್ದಳು ಗೊತ್ತುಂಟಾ?"

ನಾನು ಏನು ಕೂಗಿದೆನೋ ನನಗೆ ಸರಿಯಾಗಿ ನೆನಪಿಲ್ಲ. ನೀನು ತಾಯಿಯಾ ಎಂದು ಕೇಳಿದ್ದು ನೆನಪಿದೆ. ಆ ಮಾತಿಗೆ ನಾನು ಈಗಲೂ ನಾಚುತ್ತೇನೆ. ಫೋನ್ ಕತ್ತರಿಸಿ, ಶಟರ್ ಎತ್ತಿ ಹೊರಗೆ ಓಡಿದೆ. ಮಸೀದಿಯವರೆಗೂ ಹೋಗಲಿಲ್ಲ, ಮೂಲೆಯ ನೀರಿನ ಕೂಲರ್ ಹತ್ತಿರ ನಿಂತುಬಿಟ್ಟೆ. ಕಾಲಲ್ಲಿ ಮಾಸ್ಟರ ಚಪ್ಪಲಿ ಇತ್ತು.

ಎರಡು ದಿನ ಫೋನ್ ಮಾಡಲಿಲ್ಲ. ಅನ್ನ ಬಿಟ್ಟೆ, ಚಹಾ ಹಿಡಿದೆ. ಶಟರಿನ ಅಡಿಗೆ ಮತ್ತೆ ಸ್ಟೂಲ್ ಬಂತು. ಮೂರನೆಯ ದಿನ ಮಾಸ್ಟರ್ ಕತ್ತರಿ ಕೆಳಗಿಟ್ಟು ಹೇಳಿದರು: "ಬಟ್ಟೆ ತಪ್ಪು ಕತ್ತರಿಸಿದ್ದರೆ ಗಿರಾಕಿಗೆ ಹೊಲಿಯುವ ಮೊದಲೇ ಹೇಳಬೇಕು. ಹೊಲಿದ ಮೇಲೆ ಹೇಳಿದರೆ ಎರಡು ಸಲ ಬೈಗುಳ. ನೀನು ಈಗಾಗಲೇ ತಡಮಾಡಿದ್ದೀ."

ಆವತ್ತು ಮಗ್ರಿಬಿಗೆ ಮಾಸ್ಟರ್ ಉಳಿದವರನ್ನೆಲ್ಲ ಕರೆದುಕೊಂಡು ಮಸೀದಿಗೆ ಹೋದರು. ನಾನು ನಮಾಜು ಮುಗಿಸಿ, ಸ್ಟೂಲಿನ ಎತ್ತರದ ಬೆಳಕಿನಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದೆ. ಅವಳು ಎತ್ತಿದಳು. ನಾನು ಮೊದಲು ಮಾಫಿ ಕೇಳಿದೆ. ಆಮೇಲೆ ಗೋದಾಮು, ಒಣಮೆಣಸು, ಆ ಶುಕ್ರವಾರ, "ನೋಡಿ ಹೇಗೆ ತಣ್ಣಗಾಗಿದ್ದಾನೆ" ಎಂದದ್ದು. ಮಗು ತಣ್ಣಗಾಗುವುದು ಅಂದರೆ ಏನೆಂದು ನನಗೆ ಒಳಗಿನಿಂದ ಗೊತ್ತು ಎಂದೆ. ಮಂಗಳೂರಿನ ಡಾಕ್ಟರು ಹೇಳಿದ್ದು, ಕೊನೆಗೆ ಚಪ್ಪಲಿಯ ಕತೆ.

ನೆಟ್‌ವರ್ಕ್ ಹೋಯಿತೆಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

"ಹಾಗಾದರೆ ಮೊದಲ ಸಾಲು..." ಎಂದಳು ಅವಳು.

"ಹೆದರಿಕೆಗೆ."

"ನನ್ನ ಬಾಪನಿಗೆ ಇದನ್ನು ಹೇಳಬೇಡಿ," ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮತ್ತೆ, "ನನಗೆ ಮೊದಲೇ ಹೇಳಬಾರದಿತ್ತಾ? ನಾನು ಅವಳನ್ನು ಹಾಕುತ್ತಿದ್ದೆನಾ?" ಎಂದಳು. ಅದು ಅಳುವೇ. ನಾನೂ ಅತ್ತೆ. ಅಳುವಾಗ ಶಟರಿನ ಕಡೆ ಒಮ್ಮೆಯೂ ನೋಡಿರಲಿಲ್ಲ ಎಂದು ಆಮೇಲೆ ಹೊಳೆಯಿತು.

ಆ ವರ್ಷದ ರಜೆಗೆ ಹೊರಟಾಗ ಮಾಸ್ಟರ್ ಆ ಬಾಬಿನನ್ನು ನನ್ನ ಅಂಗಿಯ ಜೇಬಿಗೆ ಹಾಕಿದರು. ಊರಿನಲ್ಲಿ ಬಾಂಗ್ ಆದರೆ ಅಂಗಡಿ ಮುಚ್ಚುವುದಿಲ್ಲ, ಅಲ್ಲಿ ನಿನ್ನ ಟೈಮ್‌ಟೇಬಲ್ ಕೆಡುತ್ತದೆ, ಇದು ಜೇಬಿನಲ್ಲಿರಲಿ ಎಂದರು. ಮಗಳಿಗೆಂದು ನಾನು ಒಂದು ಹಾಳೆ ರೇಡಿಯಂ ನಕ್ಷತ್ರಗಳನ್ನು ಕೊಂಡಿದ್ದೆ, ಕತ್ತಲಲ್ಲಿ ಹೊಳೆಯುವಂಥವು.

ಮನೆಗೆ ತಲುಪಿದ ಮರುದಿನ ಅಡುಗೆಮನೆಗೆ ನೀರು ಕುಡಿಯಲು ಹೋದಾಗ ಸ್ಟೋರ್ ರೂಮಿನ ಬಾಗಿಲು ಕಣ್ಣಿಗೆ ಬಿತ್ತು. ಚಿಲಕ ಇದ್ದ ಜಾಗದಲ್ಲಿ ಸ್ಕ್ರೂ ಕಿತ್ತ ನಾಲ್ಕು ತೂತುಗಳಿದ್ದವು. ಹೆಂಡತಿ ಫೋನಿನಲ್ಲಿ ಇದನ್ನು ಹೇಳಿರಲಿಲ್ಲ. ಒಲೆಯ ಮುಂದೆ ನಿಂತು ಮೀನು ಮಗುಚುತ್ತಿದ್ದಳು. ನಾನು ನೋಡಿದ್ದನ್ನು ನೋಡಿ ಮತ್ತೆ ಬಾಣಲೆಯ ಕಡೆ ತಿರುಗಿದಳು. ಮಗಳನ್ನು ಆ ವಾರವೇ ಮಂಗಳೂರಿನ ಡಾಕ್ಟರಿಗೆ ತೋರಿಸಿದೆವು. ಅವಳದ್ದೂ ನನ್ನಂಥದ್ದೇ ಮೆದುಳು. ಶಟರಿನ ಭಾಗ ಮಾತ್ರ ಅವಳಲ್ಲಿ ಇಲ್ಲ. ಇರಬಾರದು ಎಂಬುದೊಂದೇ ನನ್ನ ದುವಾ ಆಗಿತ್ತು.

ಅಲ್ಲಿಂದ ಬಂದ ಮಧ್ಯಾಹ್ನ, ಊಟವಾದ ಮೇಲೆ, ಅವಳು ನನ್ನ ಕೈ ಹಿಡಿದು ಸ್ಟೋರ್ ರೂಮಿಗೆ ಎಳೆದಳು. ಅಕ್ಕಿಯ ಡಬ್ಬಗಳ ಮೇಲಿನ ಗೋಡೆಗೆ ನಕ್ಷತ್ರಗಳನ್ನು ಅಂಟಿಸಿದ್ದಾಳಂತೆ, ಮನೆಯಲ್ಲಿ ಕಿಟಕಿ ಇಲ್ಲದ ಕೋಣೆ ಅದೊಂದೇ. ನಾನು ಒಳಗೆ ಹೋದೆ. ಬಾಗಿಲು ಎಳೆಯುವ ಮೊದಲು ಜೇಬಿನಿಂದ ಬಾಬಿನ್ ತೆಗೆದು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟೆ.

"ಉಪ್ಪಾ, ಬೆಳಕು ಬರ್ತದೆ. ನಕ್ಷತ್ರ ಕಾಣುದಿಲ್ಲ. ಅದು ತೆಗೀರಿ."

ತೆಗೆಯಲು ಕೈ ಬರಲಿಲ್ಲ. ಅವಳು ಕತ್ತೆತ್ತಿ ನನ್ನ ಮುಖ ನೋಡಿದಳು.

"ಹೆದರಿಕೆ ಆಗ್ತದಾ?"

"ಸ್ವಲ್ಪ ಆಗ್ತದೆ ಮಗಾ."

"ಇದಕ್ಕೆ ಚಿಲಕ ಇಲ್ಲ ಉಪ್ಪಾ. ಉಮ್ಮ ಕಿತ್ತು ಬಿಸಾಡಿದ್ದಾರೆ. ಯಾವಾಗ ಬೇಕಾದ್ರೂ ದೂಡ್ಬಹುದು, ನೋಡಿ." ಒಮ್ಮೆ ದೂಡಿಯೂ ತೋರಿಸಿದಳು.

ನಾನು ಬಾಬಿನ್ ತೆಗೆದು ಅವಳ ಕೈಗೆ ಕೊಟ್ಟೆ. ಬಾಗಿಲನ್ನು ನಾನೇ ಎಳೆದು ಮುಚ್ಚಿದೆ. ಗೋಡೆಯ ಮೇಲೆ ಹಸಿರಾಗಿ ಒಂದೊಂದೇ ಮೂಡಿದವು. ಅವಳು ಎಣಿಸತೊಡಗಿದಳು, ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದಳು, ಮತ್ತೊಮ್ಮೆ ತಪ್ಪಿದಳು. ನಮಗೆ ಯಾವ ಅವಸರವೂ ಇರಲಿಲ್ಲ. ಅವಳ ಲೆಕ್ಕ ಮುಗಿಯುವವರೆಗೆ ನಾನು ಒಳಗೇ ಇದ್ದೆ.